ಕನ್ನಡ ನಾಡನ್ನು ಅಳೆದ ಲ್ಯಾಂಬ್ಟನ್

ನಮ್ಮ ಕ್ಯಾಂಪಿನ ಈಸ್ಟ್ ಸ್ಟ್ರೀಟಿಗೆ ಹೆಸರಿನಲ್ಲಿಯೇ ದಿಕ್ಕಿದೆ. ಮಹಾತ್ಮಾ ಗಾಂಧಿ ರಸ್ತೆಯ ಪೂರ್ವಕ್ಕೆ ಅದು ಸಾಗುತ್ತದೆ. ಆದರೆ ನಮ್ಮ ಊರು ಎತ್ತ ಕಡೆಗಿದೆಯೆಂದು ಮಕ್ಕಳು ಕೇಳಿದರೆ, ದಕ್ಷಿಣಕ್ಕೆ ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಭೂಪಟವನ್ನು ಬಿಚ್ಚಿದರೆ ಮಂಗಳೂರು ಬಹುಮಟ್ಟಿಗೆ ನೇರ ದಕ್ಷಿಣದಲ್ಲಿಯೂ ಬೆಂಗಳೂರು ಆಗ್ನೇಯದಲ್ಲಿಯೂ ಕಾಣುತ್ತವೆ. ಪುಣೆಯ ಅಕ್ಷಾಂಶ ಉತ್ತರ 18½ ಡಿಗ್ರಿ, ರೇಖಾಂಶ ಪೂರ್ವ 74ಕ್ಕೆ ತುಸು ಕಡಿಮೆ. ಬೆಂಗಳೂರಿನವು 13 ಮತ್ತು 77½. ಭೂಮಧ್ಯರೇಖೆಯಿಂದ ಎಷ್ಟು ಉತ್ತರ ಎಂಬುದನ್ನು ಮೊದಲನೆಯದೂ, ಗ್ರೀನಿಚ್ಚಿನಿಂದ ಎಷ್ಟು ಪೂರ್ವ ಎಂಬುದನ್ನು ಎರಡನೆಯದೂ ತಿಳಿಸುತ್ತವೆ. ನಮ್ಮ ನಾಡಿನ ಭೂಪಟಕ್ಕೆ ಇಂಥ ಲೆಕ್ಕದ ತಳಹದಿ ಹಾಕಿದವರಲ್ಲಿ ಕರ್ನಲ್ ವಿಲಿಯಂ ಲ್ಯಾಂಬ್ಟನ್ ಅಗ್ರಗಣ್ಯನು.

ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಮನೆತನದಲ್ಲಿ ಹುಟ್ಟಿದ ಈತನು ಸೈನ್ಯ ಸೇರಿ ಅಮೆರಿಕದಲ್ಲಿ ಹಲವು ವರ್ಷ ಕಳೆದು, ನಡುವಯಸ್ಸು ದಾಟುವ ಹೊತ್ತಿಗೆ ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಈತನಿದ್ದನು. ಒಂದು ರಾತ್ರಿ ಜನರಲ್ ಬೇರ್ಡನ ದಂಡು ಕತ್ತಲಲ್ಲಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ನಡೆದಿತ್ತು. ನಕ್ಷತ್ರಗಳನ್ನು ನೋಡಿ ಲ್ಯಾಂಬ್ಟನ್ ಅದನ್ನು ಅರಿತು ಎಚ್ಚರಿಸಿದನು. ಜನರಲ್ ಮೊದಲು ನಂಬಲಿಲ್ಲ. ದಿಕ್ಸೂಚಿಯನ್ನು ನೋಡಿದ ಮೇಲೆ ದಂಡು ಹಿಂದಿರುಗಿತು.

ಟಿಪ್ಪುವಿನ ಪತನದ ನಂತರ ಗೆದ್ದ ನಾಡನ್ನು ಅಳೆಯುವ ಅಗತ್ಯ ಕಂಪೆನಿಗೆ ಬಂದಿತು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ಈ ವಿಧಾನ ಸರಳವಾದುದು: ತ್ರಿಕೋನದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದೆರಡು ಬಾಹುಗಳು ಗಣಿತದಿಂದ ದೊರೆಯುತ್ತವೆ. ಆ ಬಾಹುಗಳ ಮೇಲೆ ಮತ್ತೆ ತ್ರಿಕೋನಗಳು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕ ಹಬ್ಬುತ್ತದೆ.

1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆಯನ್ನು ಅಳೆದು ಅಲ್ಲಿಂದ ಮಂಗಳೂರಿನವರೆಗೆ ತ್ರಿಕೋನಗಳ ಸಾಲನ್ನು ಹೂಡಿದನು. ಮದರಾಸು, ಬೆಂಗಳೂರು, ಮಂಗಳೂರು ಮೂರೂ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಳೆಯ ಭೂಪಟಗಳು ಈ ಅಗಲವನ್ನು ಸುಮಾರು 400 ಮೈಲಿಯೆಂದು ತೋರಿಸಿದ್ದವು. ಅಳತೆಯಲ್ಲಿ ದೊರೆತದ್ದು 360 ಮಾತ್ರ. ಊಹೆಯ 40 ಮೈಲಿ ಮಾಯವಾಯಿತು!

ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹೊತ್ತವರು, ಬೆಟ್ಟಗಳ ಮೇಲೆ ಬಾವುಟ ಹಿಡಿದವರು, ಕಾಡುಜ್ವರಕ್ಕೆ ಬಲಿಯಾದವರು ನಮ್ಮ ಜನ. ಅವರ ಹೆಸರುಗಳು ಭೂಪಟದಲ್ಲಿಲ್ಲ. 1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಏರಿಸುವಾಗ ಆ ಯಂತ್ರ ಗೋಡೆಗೆ ಬಡಿದು ಕೆಟ್ಟಿತು. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು, ವಾರಗಟ್ಟಲೆ ಶ್ರಮಿಸಿ, ತಾನೇ ಅದನ್ನು ಸರಿಪಡಿಸಿದನು. 1815ರಲ್ಲಿ ಬೀದರಿನ ಸಮೀಪ ಮತ್ತೊಂದು ಆಧಾರರೇಖೆ ಬಿದ್ದಿತು. ಕೆಲಸ ಉತ್ತರಕ್ಕೆ ಸಾಗುತ್ತಿದ್ದಂತೆಯೇ, 1823ರ ಜನವರಿ 20ರಂದು, ಇಂದಿನ ವರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ ಆತನು ತೀರಿಕೊಂಡನು. ನಾವು ಅನ್ನ ಉಣ್ಣುತ್ತಿರುವ ಈ ಮಹಾರಾಷ್ಟ್ರದ ಮಣ್ಣಿನಲ್ಲಿಯೇ ಆತನ ಸಮಾಧಿಯಿದೆ.

ಆತನು ಬಂದದ್ದು ಗೆದ್ದವರ ಪರವಾಗಿ. ಅದನ್ನು ನಾವು ಮರೆಯಲಾರೆವು. ಆದರೂ ಆತನ ಲೆಕ್ಕ ಇಂದು ನಮ್ಮದೂ ಆಗಿದೆ. ಈ ರಾಜ್ಯೋತ್ಸವದಂದು ನಮ್ಮ ಮನೆಯ ಮಕ್ಕಳ ಮುಂದೆ ಒಂದು ಭೂಪಟವನ್ನು ಹಾಸೋಣ. ಉತ್ತರವನ್ನು ಮೇಲಿಟ್ಟು, ಪುಣೆಯ ಮೇಲೊಂದು ಬೆರಳನ್ನೂ ಅಜ್ಜ ಅಜ್ಜಿಯರ ಊರಿನ ಮೇಲೊಂದು ಬೆರಳನ್ನೂ ಇರಿಸಿ, ಅಂಚಿನ ಮಾಪಕದಿಂದ ನಡುವಿನ ದೂರವನ್ನು ಅವರೇ ಅಳೆಯಲಿ.