ಮೇಘನಾದ ಸಾಹಾ: ಸೂರ್ಯನ ಕಪ್ಪು ಗೆರೆಗಳನ್ನು ಓದಿದವರು

ಒಲೆಯ ಉರಿಗೆ ಉಪ್ಪುನೀರು ಚೆಲ್ಲಿದಾಗ ಜ್ವಾಲೆ ಹಳದಿಯಾಗುವುದನ್ನು ನೀವು ನೋಡಿರಬಹುದು. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಸೋಡಿಯಂ ಆವಿಯ ಮೂಲಕ ಬಿಳಿ ಬೆಳಕನ್ನು ಹಾಯಿಸಿದರೆ ಆವಿಯು ಅದೇ ಹಳದಿಯನ್ನು ಹೀರಿಕೊಳ್ಳುತ್ತದೆ. ರೋಹಿತದಲ್ಲಿ ಆ ಜಾಗದಲ್ಲಿ ಕಪ್ಪು ಗೆರೆ ಕಾಣುತ್ತದೆ. ಸೂರ್ಯನ ಬೆಳಕಿನಲ್ಲಿ ಇಂಥ ಗೆರೆಗಳು ಸಾವಿರಾರು. ಅವುಗಳ ಅರ್ಥವನ್ನು ಬಿಡಿಸಿದವರಲ್ಲಿ ಮೇಘನಾದ ಸಾಹಾ ಪ್ರಮುಖರು.

ಅವರು 1893ರಲ್ಲಿ ಢಾಕಾ ಸಮೀಪದ ಶಿವರಾತಲಿ ಗ್ರಾಮದಲ್ಲಿ ಜನಿಸಿದರು. ತಂದೆಯದು ಸಣ್ಣ ಅಂಗಡಿ. ಮಗ ಅಂಗಡಿಯಲ್ಲಿ ಕೂರಲಿ ಎಂಬುದು ತಂದೆಯ ಆಸೆ. ಆದರೆ ಅಣ್ಣ ಬೆಂಬಲಕ್ಕೆ ನಿಂತರು. ಪರವೂರಿನ ವೈದ್ಯರೊಬ್ಬರು ಮನೆಯಲ್ಲಿರಿಸಿಕೊಂಡು ಊಟ ಹಾಕಿದರು. ಬದಲಿಗೆ ಹುಡುಗ ಆ ಮನೆಯ ಹಸುವನ್ನು ನೋಡಿಕೊಳ್ಳಬೇಕಿತ್ತು. ಪರೀಕ್ಷೆಯಲ್ಲಿ ಗೆದ್ದು ವಿದ್ಯಾರ್ಥಿವೇತನ ಪಡೆದು ಢಾಕಾದ ಸರ್ಕಾರಿ ಶಾಲೆ ಸೇರಿದರು. 1905ರಲ್ಲಿ ಬಂಗಾಳ ವಿಭಜನೆಯ ವಿರುದ್ಧ ವಿದ್ಯಾರ್ಥಿಗಳು ಗವರ್ನರರ ಭೇಟಿಯನ್ನು ಬಹಿಷ್ಕರಿಸಿದರು. ಅವರಲ್ಲಿ ಸಾಹಾ ಕೂಡ ಇದ್ದರು. ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಅರ್ಜಿ ತುಂಬಿ ತಿಂಗಳುಗಟ್ಟಲೆ ಕಾದವರಿಗೆ ಅದರ ನೋವನ್ನು ವಿವರಿಸಬೇಕಾಗಿಲ್ಲ. ಬಳಿಕ ಖಾಸಗಿ ಶಾಲೆಯೊಂದು ಅವರನ್ನು ಸೇರಿಸಿಕೊಂಡಿತು. ಮುಂದೆ ಕಲ್ಕತ್ತಾದ ಹಾಸ್ಟೆಲಿನಲ್ಲಿ ಜಾತಿಯ ಕಾರಣಕ್ಕೆ ಕೆಲವರು ಅವರೊಂದಿಗೆ ಊಟಕ್ಕೆ ಕೂರಲು ಒಪ್ಪಲಿಲ್ಲ.

ಈಗ ಸೂರ್ಯನ ವಿಷಯಕ್ಕೆ ಬರೋಣ. ರುಬಿಡಿಯಂ ಮತ್ತು ಸೀಸಿಯಂ ಸೋಡಿಯಂನ ಬಂಧುಗಳು. ಆದರೆ ಅವುಗಳ ಗೆರೆಗಳು ಸೂರ್ಯನಲ್ಲಿ ಕಾಣುತ್ತಿರಲಿಲ್ಲ. ಆ ಲೋಹಗಳು ಅಲ್ಲಿ ಇಲ್ಲವೇ? ಪರಮಾಣುವಿಗೆ ಶಕ್ತಿ ಕೊಟ್ಟರೆ ಅದರ ಹೊರಗಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಆಗ ಅದು ಹೀರುವ ಬಣ್ಣಗಳೇ ಬೇರೆ. ಇಂದು ಪ್ರಯೋಗಾಲಯದಲ್ಲಿ ಲೋಹದ ಆವಿಗೆ ಲೇಸರ್ ಹಾಯಿಸಿ ಪರಮಾಣುಗಳನ್ನು ಹೀಗೆ ಬೇಕಾದ ಮೆಟ್ಟಿಲಿಗೆ ಏರಿಸಿ, ಅಲ್ಲಿಂದ ಅವು ಹೀರುವ ಬೆಳಕನ್ನು ಅಳೆಯುತ್ತಾರೆ. ಸಾಹಾ ಅವರ ಕಾಲದಲ್ಲಿ ಲೇಸರ್ ಇರಲಿಲ್ಲ; ಅದು ಬಂದದ್ದು 1960ರಲ್ಲಿ. ಸೂರ್ಯನಲ್ಲಿ ಆ ಕೆಲಸವನ್ನು ಶಾಖವೇ ಮಾಡುತ್ತದೆ. ಶಾಖ ಇನ್ನೂ ಹೆಚ್ಚಾದರೆ ಎಲೆಕ್ಟ್ರಾನು ಪರಮಾಣುವನ್ನೇ ಬಿಟ್ಟು ಹೋಗುತ್ತದೆ, ಹಳೆಯ ಗೆರೆಗಳು ಮಾಯವಾಗುತ್ತವೆ. ಯಾವ ಉಷ್ಣತೆ ಮತ್ತು ಒತ್ತಡದಲ್ಲಿ ಎಷ್ಟು ಪರಮಾಣುಗಳು ಹೀಗೆ ಎಲೆಕ್ಟ್ರಾನು ಕಳೆದುಕೊಳ್ಳುತ್ತವೆ ಎಂಬ ಲೆಕ್ಕವನ್ನು ಸಾಹಾ 1920ರಲ್ಲಿ ಪ್ರಕಟಿಸಿದರು. ಆಗ ಅವರಿಗೆ 26 ವರ್ಷ.

ಸುಮಾರು 6000 ಡಿಗ್ರಿಯ ಸೂರ್ಯನ ಮೇಲ್ಮೈಯಲ್ಲಿ ರುಬಿಡಿಯಂ ಕಾಣದಿದ್ದರೂ, ಅದಕ್ಕಿಂತ ತಂಪಾದ ಸೌರಕಲೆಗಳಲ್ಲಿ ಕಾಣಬೇಕು ಎಂದು ಅವರು ಹೇಳಿದರು. ಅಮೆರಿಕದ ರಸೆಲ್ ಹುಡುಕಿದರು. ಗೆರೆ ಅಲ್ಲೇ ಇತ್ತು! ತಮ್ಮ ಸಿದ್ಧಾಂತವನ್ನು ಪ್ರಯೋಗದಿಂದ ಪರೀಕ್ಷಿಸಲು ಕಲ್ಕತ್ತಾದಲ್ಲಿ ಉಪಕರಣಗಳಿರಲಿಲ್ಲ. ಅದಕ್ಕಾಗಿ ಸಾಹಾ ಬರ್ಲಿನ್ನಿನ ನರ್ನ್ಸ್ಟ್ ಅವರ ಪ್ರಯೋಗಾಲಯಕ್ಕೆ ಹೋಗಬೇಕಾಯಿತು.

1923ರಿಂದ 15 ವರ್ಷ ಅಲಹಾಬಾದಿನಲ್ಲಿ ಪಾಠ ಹೇಳಿದರು. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. 1952ರಲ್ಲಿ ಲೋಕಸಭೆಗೆ ಗೆದ್ದರು. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲಿ ಕುಸಿದು ನಿಧನರಾದರು.