ಕಾದು ಕುಳಿತ ಮಂತ್ರ ಮತ್ತು ನರಗುಂದದ ಬಾಬಾಸಾಹೇಬ

ನಾವು ಮೂವರು ಗೆಳೆಯರು. ಒಬ್ಬ ನರಗುಂದದವನು, ಒಬ್ಬ ಗಜೇಂದ್ರಗಡದವನು, ನಾನು ರೋಣದವನು. ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ ಹತ್ತಿದ ಒಂದು ಆಟದ ಚಟ ಡಿಗ್ರಿ ಮುಗಿಸಿ ಊರಿಗೆ ಬಂದರೂ ಬಿಟ್ಟಿಲ್ಲ. ಅದರ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆಟಕ್ಕೆ ಮೊಬೈಲ್ ಬೇಕಿಲ್ಲ. ಇಪ್ಪತ್ತು ಮುಖದ ದಾಳ, ಹಾಳೆ, ಪೆನ್ಸಿಲ್ ಇದ್ದರೆ ಸಾಕು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಕಥೆ ನಡೆಸುವ ಕೆಲಸ ಯಾವಾಗಲೂ ನನ್ನ ಕೊರಳಿಗೇ.

ಕಳೆದ ಬೇಸಿಗೆಯಲ್ಲಿ ನರಗುಂದದ ಗೆಳೆಯ ಹಟ ಹಿಡಿದ. ಡ್ರ್ಯಾಗನ್ ಸಾಕು, ನಮ್ಮೂರ ಗುಡ್ಡದ ಕೋಟೆಯನ್ನೇ ಆಡೋಣ, ನಾನು ಬಾಬಾಸಾಹೇಬ ಆಗುತ್ತೇನೆ ಎಂದ. ಶಾಲೆಯ ಪಾಠದಿಂದ ನನ್ನ ತಲೆಯಲ್ಲಿ ಉಳಿದಿದ್ದು ಒಂದು ಖಡ್ಗ, ಒಂದು ಕುದುರೆ, ಒಂದು ನೇಣು ಅಷ್ಟೇ. ಆಟ ಕಟ್ಟಬೇಕಾದರೆ ಅಷ್ಟು ಸಾಲದು. ಓದಲು ಕುಳಿತೆ.

ಬಾಬಾಸಾಹೇಬರ ನಿಜ ಹೆಸರು ಭಾಸ್ಕರರಾವ ಭಾವೆ. ನರಗುಂದ ಸಂಸ್ಥಾನದ ಕೊನೆಯ ಅರಸ. ನನಗೆ ಮೊದಲು ಬೆರಗಾಗಿದ್ದು ಅವರ ಪುಸ್ತಕ ಪ್ರೀತಿ. ಅವರ ಗ್ರಂಥಾಲಯದಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಖಡ್ಗಕ್ಕಿಂತ ಓಲೆ, ಹಸ್ತಪ್ರತಿಗಳ ನಡುವೆ ಹೆಚ್ಚು ಹೊತ್ತು ಕಳೆದ ಮನುಷ್ಯ ಇರಬೇಕು ಅನ್ನಿಸಿತು. ಅಂಥವರು ಯುದ್ಧಕ್ಕೆ ಏಕೆ ಇಳಿದರು?

ಉತ್ತರ ಸಿಕ್ಕಿದ್ದು ನಮ್ಮ ಆಟದ ಪುಸ್ತಕದಲ್ಲಿ ಎಂದರೆ ನೀವು ನಗಬಹುದು. ಈ ಆಟದಲ್ಲಿ ಕಂಟಿಂಜೆನ್ಸಿ ಎಂಬ ಮಂತ್ರವಿದೆ. ಮಂತ್ರವಾದಿ ಇವತ್ತು ಮಂತ್ರ ಹಾಕುತ್ತಾನೆ, ಆದರೆ ಅದು ಇವತ್ತು ಕೆಲಸ ಮಾಡುವುದಿಲ್ಲ. ಹಾಕುವಾಗಲೇ ಒಂದು ಷರತ್ತು ಹೇಳಬೇಕು: ನಾನು ನೀರಿಗೆ ಬಿದ್ದರೆ ಉಸಿರಾಡುವ ಶಕ್ತಿ ಬರಲಿ, ಹೀಗೆ. ಮಂತ್ರ ಹತ್ತು ದಿನ ಕಾಯುತ್ತದೆ. ಷರತ್ತು ಮೊದಲ ಸಲ ಪೂರೈಸಿದ ಕೂಡಲೇ ತಾನಾಗಿ ಸಿಡಿಯುತ್ತದೆ. ಆ ಗಳಿಗೆಯಲ್ಲಿ ನಿನಗೆ ಅದು ಬೇಕೋ ಬೇಡವೋ ಎಂದು ಕೇಳುವುದಿಲ್ಲ. ಗ್ಲಿಫ್ ಆಫ್ ವಾರ್ಡಿಂಗ್ ಎಂಬುದು ಇನ್ನೊಂದು. ಬಾಗಿಲ ಮೇಲೋ ಪೆಟ್ಟಿಗೆಯೊಳಗೋ ಬರೆದಿಟ್ಟ ಗುರುತು ಅದು. ಬರೆದವನು ಊರಲ್ಲೇ ಇಲ್ಲದಿದ್ದರೂ, ಮುಟ್ಟಿದವನಿಗೆ ಪೆಟ್ಟು. ಇಂಥ ಮಂತ್ರಗಳಲ್ಲಿ ಬಲ ಇರುವುದು ಬೆಂಕಿಯಲ್ಲಲ್ಲ, ಷರತ್ತಿನ ಮಾತುಗಳಲ್ಲಿ.

ಲಾರ್ಡ್ ಡಾಲ್‌ಹೌಸಿ ಹಾಕಿದ್ದೂ ಇಂಥದ್ದೇ ಮಂತ್ರ. ಅರಸನಿಗೆ ಸ್ವಂತ ಗಂಡು ಸಂತಾನವಿಲ್ಲದಿದ್ದರೆ ಸಂಸ್ಥಾನ ಕಂಪನಿಗೆ. 1848ರಲ್ಲಿ ಸಾತಾರಾ ಹೋಯಿತು, ಆಮೇಲೆ ಝಾನ್ಸಿ. ಬಾಬಾಸಾಹೇಬರಿಗೂ ಗಂಡು ಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು, ಸಿಗಲಿಲ್ಲ. ಅಂದಿನಿಂದ ಅವರು ಬದುಕಿದ್ದು ತಮ್ಮದೇ ಸಾವು ಕಾಯುತ್ತಿದ್ದ ಷರತ್ತಿನ ಕೆಳಗೆ. ಡಾಲ್‌ಹೌಸಿ 1856ರಲ್ಲೇ ಭಾರತ ಬಿಟ್ಟಿದ್ದ. ಮಂತ್ರ ಮಾತ್ರ ನರಗುಂದದ ಬಾಗಿಲ ಮೇಲೆ ಹಾಗೇ ಇತ್ತು.

1857ರ ದಂಗೆಯ ನಂತರ ಆಯುಧ ಒಪ್ಪಿಸಬೇಕೆಂಬ ಕಟ್ಟಪ್ಪಣೆ ಬಂತು. ಬಾಬಾಸಾಹೇಬರು ಮತ್ತು ಮುಂಡರಗಿ ಭೀಮರಾಯರು ಒಳಗೊಳಗೇ ತಮ್ಮದೂ ಒಂದು ಸಂಚು ಹೂಡಿದ್ದರು. ಆದರೆ 1858ರ ಮೇ ಕೊನೆಯಲ್ಲಿ, ನಿಗದಿಗಿಂತ ಮೊದಲೇ ಭೀಮರಾಯರು ಏಳಬೇಕಾಯಿತು. ಷರತ್ತು ತಪ್ಪಿದ ಗಳಿಗೆಯಲ್ಲಿ ಪೂರೈಸಿತು. ಇನ್ನು ಕಾಯುವ ದಾರಿ ನರಗುಂದಕ್ಕೂ ಉಳಿಯಲಿಲ್ಲ.

ನಮ್ಮ ಆಟ ನಿಂತಿದ್ದು ಮೇ 29ರ ರಾತ್ರಿಗೆ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ. ಬಾಬಾಸಾಹೇಬರ ಜನ ಮಲಗಿದ್ದವನ ಮೇಲೆ ಬಿದ್ದು, ತಲೆ ಕಡಿದು ತಂದು ನರಗುಂದದ ಬಾಗಿಲಿಗೆ ತೂಗುಹಾಕಿದರು. ನಾನು ದಾಳ ಮುಂದಿಟ್ಟೆ. ಗೆಳೆಯ ಎತ್ತಿಕೊಳ್ಳಲಿಲ್ಲ. ಚಿಕ್ಕಂದಿನಿಂದ ಕೇಳಿದ ವೀರಗಾಥೆಯ ಈ ಪುಟವನ್ನು ಅವನು ಮೊದಲ ಸಲ ಒಳಗಿನಿಂದ ನೋಡುತ್ತಿದ್ದ. ನಿದ್ದೆಯಲ್ಲಿದ್ದವನನ್ನು ಕೊಲ್ಲಿಸುವ ಅರಸ ತಾನಾಗಬೇಕಿತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ದಾಳ ಉರುಳಿಸದೆಯೇ ಮುಂದೆ ಹೋದೆವು.

ಮುಂದಿನದು ಎರಡೇ ವಾರದ ಕಥೆ. ಜೂನ್ 1ರಂದು ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದರು. ಅದೇ ದಿನ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದ ಮುಟ್ಟಿತು. ಒಳಗಿನವರೇ ತೋಪಿನ ಮದ್ದಿಗೆ ಸೆಗಣಿ, ಕಾಳು ಬೆರೆಸಿದ್ದರು ಎಂದು ನಮ್ಮ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಸಿಡಿಯಬೇಕಾದ್ದು ಸಿಡಿಯಲಿಲ್ಲ. ಮರುದಿನ ಕೋಟೆ ಕೈತಪ್ಪಿತು. ಬಾಬಾಸಾಹೇಬರು ಪಂಢರಪುರದ ಯಾತ್ರಿಕರ ವೇಷದಲ್ಲಿ ಹೋಗುತ್ತಿದ್ದಾಗ ತೊರಗಲ್ ಕಾಡಿನಲ್ಲಿ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ನೇಣು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಗ್ರಂಥಾಲಯವೂ ಉಳಿಯಲಿಲ್ಲ.

ಆಟ ಮುಗಿದಾಗ ಗಜೇಂದ್ರಗಡದ ಗೆಳೆಯ ಬ್ಯಾಗಿನಿಂದ ಒಂದು ಕಾಗದ ತೆಗೆದ. ಬೆಂಗಳೂರಿನ ಒಂದು ಕಂಪನಿಯ ಕೆಲಸದ ಬಾಂಡ್. ಎರಡು ವರ್ಷದೊಳಗೆ ಬಿಟ್ಟರೆ ಹಣ ಕಟ್ಟಬೇಕು, ಮೂಲ ಅಂಕಪಟ್ಟಿ ಅವರ ಬಳಿಯೇ ಇರುತ್ತದೆ. ಮರುದಿನ ಸಹಿ ಮಾಡಿ ಕಳಿಸಬೇಕಿತ್ತು. ಅವನು ಓದಿರಲಿಲ್ಲ, ಮನೆಯಲ್ಲಿ ಯಾರೂ ಓದಿರಲಿಲ್ಲ. ಕೆಲಸ ಸಿಕ್ಕಿತೆಂದು ತಾಯಿ ಆಗಲೇ ಪೇಢೆ ಹಂಚಿದ್ದರು.

ಮೂವರೂ ಕುಳಿತು ಸಾಲು ಸಾಲಾಗಿ ಓದಿದೆವು. ಕಂಪನಿಯೇ ಕೆಲಸದಿಂದ ತೆಗೆದರೂ ಹಣ ಕಟ್ಟಬೇಕೆಂಬ ಅರ್ಥ ಬರುವ ಒಂದು ಸಾಲು ಮೂರನೇ ಪುಟದಲ್ಲಿತ್ತು. ಗೆಳೆಯ ಅದರ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದ. ಆ ಸಾಲು ತೆಗೆಯಿರಿ, ಅಂಕಪಟ್ಟಿಯ ನಕಲು ಮಾತ್ರ ಕೊಡುತ್ತೇನೆ ಎಂದು ಅವತ್ತು ರಾತ್ರಿಯೇ ಮೇಲ್ ಬರೆದ. ಉತ್ತರ ಇನ್ನೂ ಬಂದಿಲ್ಲ. ಆ ಕೆಲಸ ಕೈಬಿಟ್ಟೂ ಹೋಗಬಹುದು, ಅದು ಅವನಿಗೂ ಗೊತ್ತು.

ಬಾಬಾಸಾಹೇಬರಿಗೆ ಷರತ್ತು ತಿದ್ದುವ ಅವಕಾಶ ಯಾರೂ ಕೊಡಲಿಲ್ಲ. ಅವರು ಕೇಳಿದ್ದರು, ಅಷ್ಟು ನಿಜ. ಮುಂದಿನ ಭಾನುವಾರ ಮೂವರೂ ನರಗುಂದದ ಗುಡ್ಡ ಹತ್ತುವವರಿದ್ದೇವೆ. ದಾಳ ಮನೆಯಲ್ಲೇ ಬಿಟ್ಟು.