ಬೆಳಕನ್ನು ಅಳೆಯಲು ಕಲಿಸಿದ ಆನ್ಸೆಲ್ ಆಡಮ್ಸ್

ಫಿಲಂ ರೋಲುಗಳ ಕಾಲದಲ್ಲಿ ಕ್ಯಾಮೆರಾ ಹಿಡಿದವರೆಲ್ಲರಿಗೂ ಪರಿಚಿತವಾದ ನಿರಾಸೆಯೊಂದಿದೆ. ಕಣ್ಣಿಗೆ ಹಬ್ಬವೆನಿಸಿದ ದೃಶ್ಯವು ಸ್ಟುಡಿಯೋದಲ್ಲಿ ತೊಳೆಸಿ ತಂದ ಚಿತ್ರದಲ್ಲಿ ಒಂದೋ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು, ಇಲ್ಲವೇ ಮಸಿ ಮೆತ್ತಿದಂತೆ ಕಪ್ಪಾಗಿರುತ್ತಿತ್ತು. ಬಹುತೇಕ ಸಂದರ್ಭಗಳಲ್ಲಿ ತಪ್ಪು ಕ್ಯಾಮೆರಾದ್ದಲ್ಲ, ಫಿಲಮಿನದ್ದೂ ಅಲ್ಲ. ಒಳಗೆ ಬಿಟ್ಟ ಬೆಳಕಿನ ಪ್ರಮಾಣದ್ದು. ಎಕ್ಸ್‌ಪೋಷರ್ ಎಂದು ಕರೆಯಲಾಗುವ ಈ ಪ್ರಮಾಣವನ್ನು ಅದೃಷ್ಟದ ಕೈಯಿಂದ ಬಿಡಿಸಿ, ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯನ್ನಾಗಿ ರೂಪಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್.

ಕಪ್ಪು ಬಿಳುಪಿನಲ್ಲಿ ಅವರು ಸೆರೆಹಿಡಿದ ಪರ್ವತಗಳು, ಮೋಡಗಳು, ಹಿಮ ಹೊದ್ದ ಕಾಡುಗಳು ಜಗತ್ತಿನಾದ್ಯಂತ ಗೋಡೆಗಳನ್ನು ಅಲಂಕರಿಸಿವೆ. ಆದರೆ ಆ ಚಿತ್ರಗಳ ಹಿಂದಿದ್ದ ಲೆಕ್ಕಾಚಾರ, ಸೋಲು ಮತ್ತು ಶಿಸ್ತಿನ ಕಥೆ ಚಿತ್ರಗಳಷ್ಟೇ ಸ್ವಾರಸ್ಯಕರವಾದುದು.

ಪಿಯಾನೋದಿಂದ ಪರ್ವತದೆಡೆಗೆ

ಆಡಮ್ಸ್ ಜನಿಸಿದ್ದು 1902ರ ಫೆಬ್ರವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ನಾಲ್ಕರ ಬಾಲಕನಾಗಿದ್ದಾಗ, 1906ರ ಮಹಾಭೂಕಂಪದ ಮರುಕಂಪನವೊಂದು ಅವರನ್ನು ತೋಟದ ಗೋಡೆಗೆ ಅಪ್ಪಳಿಸಿತು. ಮುರಿದ ಮೂಗು ಜೀವನಪೂರ್ತಿ ಸೊಟ್ಟಗೇ ಉಳಿಯಿತು. ತಾತನ ಕಾಲದ ಮರದ ವ್ಯಾಪಾರ ಕುಸಿದು ಮನೆಯ ಸಿರಿವಂತಿಕೆ ಕರಗುತ್ತಿದ್ದ ದಿನಗಳವು. ಚಡಪಡಿಸುವ ಸ್ವಭಾವದ ಹುಡುಗನಿಗೆ ಶಾಲೆ ಒಗ್ಗಲಿಲ್ಲ. ತಂದೆ ಚಾರ್ಲ್ಸ್ ಅವರು ಮಗನನ್ನು ಶಾಲೆಯಿಂದ ಬಿಡಿಸಿ, 1915ರಲ್ಲಿ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ವರ್ಷವಿಡೀ ಹೋಗಿಬರಲು ಪಾಸು ಕೊಡಿಸಿದರು. ಉಳಿದ ಪಾಠಗಳು ಮನೆಯಲ್ಲೇ ಸಾಗಿದವು.

ಹನ್ನೆರಡನೆಯ ವಯಸ್ಸಿಗೆ ಅಂಟಿಕೊಂಡ ಪಿಯಾನೋ ಆ ಹುಡುಗನ ಚಂಚಲತೆಯನ್ನು ಪಳಗಿಸಿತು. ಸ್ವರದ ಏರಿಳಿತವನ್ನು ಕೂದಲೆಳೆಯಷ್ಟೂ ತಪ್ಪದಂತೆ ನುಡಿಸಬೇಕೆಂಬ ಸಂಗೀತದ ಕಟ್ಟುನಿಟ್ಟು ಮುಂದೆ ಬೆಳಕಿನ ಏರಿಳಿತವನ್ನು ಗುರುತಿಸುವಲ್ಲಿಯೂ ಅವರ ನೆರವಿಗೆ ಬಂತು. 1916ರಲ್ಲಿ ಕುಟುಂಬ ಯೊಸೆಮಿಟಿ ಕಣಿವೆಗೆ ಪ್ರವಾಸ ಹೋದಾಗ ತಂದೆತಾಯಿ ಕೊಟ್ಟ ಕೊಡಕ್ ಬ್ರೌನಿ ಡಬ್ಬಿ ಕ್ಯಾಮೆರಾವೇ ಅವರ ಮೊದಲ ಕ್ಯಾಮೆರಾ. ಮರುವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋದ ಫೋಟೋ ಸಂಸ್ಕರಣಾ ಅಂಗಡಿಯೊಂದರಲ್ಲಿ ದುಡಿಯುತ್ತ ಕತ್ತಲಕೋಣೆಯ ಕೆಲಸ ಕಲಿತರು. 1919ರಲ್ಲಿ ಪರ್ವತಪ್ರೇಮಿಗಳ ಸಂಸ್ಥೆಯಾದ ಸಿಯೆರಾ ಕ್ಲಬ್ ಸೇರಿದರು. ಬೇಸಿಗೆ ಪರ್ವತದಲ್ಲಿ, ಉಳಿದ ಕಾಲ ಪಿಯಾನೋದ ಮುಂದೆ ಎಂಬಂತೆ ಬದುಕು ಸಾಗಿತ್ತು. ಸಂಗೀತಗಾರನಾಗುವುದೋ ಛಾಯಾಗ್ರಾಹಕನಾಗುವುದೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಕೊನೆಯ ಎರಡು ಗಾಜಿನ ಫಲಕಗಳು

1927ರ ಏಪ್ರಿಲ್ 10ರಂದು ನಡೆದ ಘಟನೆ ಆಡಮ್ಸ್ ಬದುಕಿನ ಮೊದಲ ತಿರುವು. ಯೊಸೆಮಿಟಿಯ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರಿನ ಕಡಿದಾದ ಅಂಚಿಗೆ ಅವರು ಗೆಳೆಯರೊಡನೆ ಹಿಮ ತುಳಿಯುತ್ತ ಹತ್ತಿದರು. ಜತೆಯಲ್ಲಿ ಭಾವೀ ಪತ್ನಿ ವರ್ಜೀನಿಯಾ ಬೆಸ್ಟ್ ಕೂಡ ಇದ್ದರು. ಬೆನ್ನ ಮೇಲೆ ಭಾರವಾದ ಕ್ಯಾಮೆರಾ, ಮುಕ್ಕಾಲಿ ಮತ್ತು ಹನ್ನೆರಡು ಗಾಜಿನ ಫಲಕಗಳು. ದಾರಿಯಲ್ಲಿ ಕೆಲವು ಬಳಕೆಯಾದವು, ಕೆಲವು ಕೆಟ್ಟವು. ಬಂಡೆಯ ಮುಖಕ್ಕೆ ಬಿಸಿಲು ಬೀಳುವ ಹೊತ್ತಿಗೆ ಉಳಿದಿದ್ದು ಎರಡೇ.

ಮೊದಲನೆಯದನ್ನು ಅವರು ಅಂದಿನ ರೂಢಿಯಂತೆ ಹಳದಿ ಫಿಲ್ಟರ್ ಹಾಕಿ ತೆಗೆದರು. ಫಲಕವನ್ನು ಮುಚ್ಚುತ್ತಿದ್ದಂತೆಯೇ ಅದು ಸಾಲದೆಂಬ ಅರಿವಾಯಿತು. ಚಿತ್ರದಲ್ಲಿ ಆಕಾಶ ನಸುಬೂದಾಗಿ ಮೂಡುತ್ತದೆ, ಬಂಡೆಯ ಗಾಂಭೀರ್ಯ ಕಳೆದುಹೋಗುತ್ತದೆ. ಅವರ ಮನಸ್ಸು ಕಂಡಿದ್ದು ಕಪ್ಪು ಆಕಾಶದೆದುರು ಎದ್ದು ನಿಂತ ಶಿಲೆಯನ್ನು. ಕಡುಗೆಂಪು ಫಿಲ್ಟರ್ ಆಕಾಶದ ನೀಲಿಯನ್ನು ತಡೆಯುತ್ತದೆ, ಆಕಾಶ ಕಪ್ಪಾಗುತ್ತದೆ. ಆದರೆ ಅದು ಬೆಳಕಿನ ಬಹುಪಾಲನ್ನೂ ನುಂಗಿಬಿಡುತ್ತದೆ. ಆ ನಷ್ಟವನ್ನು ಲೆಕ್ಕಹಾಕಿ, ಕೊನೆಯ ಫಲಕಕ್ಕೆ ಎಫ್/22 ರಂಧ್ರದಲ್ಲಿ ಐದು ಸೆಕೆಂಡುಗಳ ಕಾಲ ಬೆಳಕು ನೀಡಿದರು. ಹೀಗೆ ಮೂಡಿದ ‘ಮೊನೊಲಿತ್’ ಚಿತ್ರ ಅವರ ಮೊದಲ ಮಹತ್ವದ ಕೃತಿಯಾಯಿತು.

ಎದುರಿಗಿರುವುದನ್ನು ಹಾಗೆಯೇ ನಕಲು ಮಾಡುವುದಕ್ಕೂ, ಅಂತಿಮ ಚಿತ್ರ ಹೇಗಿರಬೇಕೆಂದು ಮೊದಲೇ ಮನಸ್ಸಿನಲ್ಲಿ ಕಂಡು ಅದಕ್ಕೆ ತಕ್ಕಂತೆ ಎಕ್ಸ್‌ಪೋಷರ್ ನಿರ್ಧರಿಸುವುದಕ್ಕೂ ಇರುವ ಅಂತರ ಅಂದು ಅವರಿಗೆ ಸ್ಪಷ್ಟವಾಯಿತು. ಆದರೆ ಅಂದು ಒಲಿದದ್ದನ್ನು ಪ್ರತಿಸಲವೂ ಒಲಿಸಿಕೊಳ್ಳುವ ದಾರಿ ಇನ್ನೂ ಸಿಕ್ಕಿರಲಿಲ್ಲ.

ವರ್ಜೀನಿಯಾ ಅವರೊಡನೆ 1928ರಲ್ಲಿ ವಿವಾಹವಾಯಿತು. 1930ರಲ್ಲಿ ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ ಅವರ ನೆಗೆಟಿವ್‌ಗಳನ್ನು ಕಂಡ ಮೇಲೆ ಆಡಮ್ಸ್ ಪಿಯಾನೋ ವೃತ್ತಿಯ ಕನಸನ್ನು ಕೈಬಿಟ್ಟರು. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರೊಡನೆ ಸೇರಿ ‘ಎಫ್/64’ ಬಳಗ ಕಟ್ಟಿದರು. ದೊಡ್ಡ ಕ್ಯಾಮೆರಾಗಳಲ್ಲಿ ಹತ್ತಿರದ್ದೂ ದೂರದ್ದೂ ಸ್ಫುಟವಾಗಿ ಮೂಡುವಂತೆ ಮಾಡುವ ಅತಿ ಚಿಕ್ಕ ರಂಧ್ರದ ಹೆಸರದು. ಚಿತ್ರವನ್ನು ಮಸುಕುಗೊಳಿಸಿ ವರ್ಣಚಿತ್ರದಂತೆ ಕಾಣಿಸುವ ಅಂದಿನ ಫ್ಯಾಷನ್ನಿಗೆ ಈ ಬಳಗ ವಿರುದ್ಧವಾಗಿತ್ತು.

ಹನ್ನೊಂದು ಮೆಟ್ಟಿಲುಗಳ ಏಣಿ

1930ರ ದಶಕದಲ್ಲಿ ಲೈಟ್ ಮೀಟರ್‌ಗಳು ಬಳಕೆಗೆ ಬಂದಿದ್ದರೂ ತೊಡಕು ಪರಿಹಾರವಾಗಲಿಲ್ಲ. ಮೀಟರ್‌ಗೆ ಬೆಳಕಿನ ಪ್ರಮಾಣ ತಿಳಿಯುತ್ತದೆಯೇ ಹೊರತು ಎದುರಿಗಿರುವ ವಸ್ತು ಯಾವುದೆಂದು ತಿಳಿಯದು. ಎಲ್ಲವನ್ನೂ ಅದು ನಡುಬೂದು ಎಂದೇ ಭಾವಿಸುತ್ತದೆ. ಅದು ತೋರಿಸಿದ ಅಂಕಿಯನ್ನೇ ಕಣ್ಣುಮುಚ್ಚಿ ಪಾಲಿಸಿದರೆ ಸುಣ್ಣದ ಗೋಡೆಯೂ ಬೂದು, ಕರಿಯೆಮ್ಮೆಯೂ ಬೂದು.

ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, 1939-40ರ ಸುಮಾರಿಗೆ, ಸಹೋದ್ಯೋಗಿ ಫ್ರೆಡ್ ಆರ್ಚರ್ ಅವರೊಡನೆ ಆಡಮ್ಸ್ ಇದಕ್ಕೊಂದು ಕ್ರಮ ರೂಪಿಸಿದರು. ಅದೇ ಜೋನ್ ಸಿಸ್ಟಂ ಅಥವಾ ವಲಯ ಪದ್ಧತಿ. ಇದು ಶೂನ್ಯದಿಂದ ಹುಟ್ಟಿದ್ದಲ್ಲ. ಬೆಳಕಿಗೂ ಫಲಕದ ಮೇಲೆ ಮೂಡುವ ಕಪ್ಪಿಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿಯೇ ಪ್ರಕಟಿಸಿದ್ದರು. ಪ್ರಯೋಗಾಲಯದ ಆ ವಿಜ್ಞಾನವನ್ನು ಬೆಟ್ಟದ ಮೇಲೆ ನಿಂತವನ ಕೈಗೆ ಎಟಕುವಂತೆ ಮಾಡಿದ್ದು ಇವರ ಸಾಧನೆ.

ಪದ್ಧತಿಯ ತಿರುಳು ಸರಳ. ಕಡುಗಪ್ಪಿನಿಂದ ಕಾಗದದ ಬಿಳುಪಿನವರೆಗಿನ ಛಾಯೆಗಳನ್ನು ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ವಲಯಗಳಾಗಿ ವಿಂಗಡಿಸಲಾಗಿದೆ. ಐದನೆಯದು ಮೀಟರ್ ಸೂಚಿಸುವ ನಡುಬೂದು. ಒಂದು ಮೆಟ್ಟಿಲು ಮೇಲೇರಿದರೆ ಬೆಳಕು ಇಮ್ಮಡಿ, ಕೆಳಗಿಳಿದರೆ ಅರ್ಧ. ಬಂಡೆಯ ನೆರಳಿನಲ್ಲಿಯೂ ವಿವರಗಳು ಕಾಣಬೇಕೆಂದರೆ, ನೆರಳನ್ನು ಅಳೆದು ಮೂರನೆಯ ವಲಯದಲ್ಲಿರಿಸಬೇಕು. ಎಂದರೆ ಮೀಟರ್ ಹೇಳಿದ್ದಕ್ಕಿಂತ ಎರಡು ಮೆಟ್ಟಿಲು ಕಡಿಮೆ ಬೆಳಕು ಕೊಡಬೇಕು. ಉಳಿದ ಭಾಗಗಳು ತಂತಮ್ಮ ಮೆಟ್ಟಿಲಿನಲ್ಲಿ ತಾವೇ ಕೂರುತ್ತವೆ. ಹಿಮದಂಥ ಉಜ್ವಲ ಭಾಗ ಮಿತಿಮೀರಿ ಮೇಲೆ ಹೋಗಿದ್ದರೆ ನೆಗೆಟಿವ್ ಡೆವಲಪ್ ಮಾಡುವ ಅವಧಿಯನ್ನು ತಗ್ಗಿಸಿ ಕೆಳಗಿಳಿಸಬಹುದು. ನೆರಳು ಎಕ್ಸ್‌ಪೋಷರ್‌ನ ಅಧೀನ, ಬೆಳಗು ಡೆವಲಪರ್‌ನ ಅಧೀನ ಎಂಬ ಹಳೆಯ ಅನುಭವಕ್ಕೆ ಇಲ್ಲಿ ಅಂಕಿಗಳ ಆಧಾರ ದೊರೆಯಿತು.

ಯಾವ ವಸ್ತು ಯಾವ ಮೆಟ್ಟಿಲಿನಲ್ಲಿರಬೇಕು ಎಂಬುದನ್ನು ಮಾತ್ರ ಪದ್ಧತಿ ಹೇಳುವುದಿಲ್ಲ. ಅದು ಛಾಯಾಗ್ರಾಹಕನ ನಿರ್ಧಾರ. ಮೀಟರ್ ಸಲಹೆಗಾರ, ಯಜಮಾನನಲ್ಲ.

ಚಂದ್ರನೇ ಮಾಪಕವಾದಾಗ

ಈ ವಿದ್ಯೆಗೆ ಕಠಿಣ ಪರೀಕ್ಷೆ ಎದುರಾದದ್ದು 1941ರ ಶರತ್ಕಾಲದಲ್ಲಿ. ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಇಡೀ ದಿನ ಅಲೆದರೂ ಒಳ್ಳೆಯ ಚಿತ್ರ ಸಿಗದೆ ಆಡಮ್ಸ್ ಮರಳುತ್ತಿದ್ದರು. ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಥಟ್ಟನೆ ಕಾರು ನಿಲ್ಲಿಸಿದರು. ಪೂರ್ವದಲ್ಲಿ ಹಿಮಪರ್ವತಗಳ ಮೇಲೆ ಚಂದ್ರ ಏರಿದ್ದ. ಪಶ್ಚಿಮದಲ್ಲಿ ಮುಳುಗುತ್ತಿದ್ದ ಸೂರ್ಯನ ಕೊನೆಯ ಕಿರಣಗಳು ಇಗರ್ಜಿಯ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಹೊಳೆಯುತ್ತಿದ್ದವು. ಜತೆಗಿದ್ದ ಮಗ ಮೈಕೆಲ್ ಮತ್ತು ಗೆಳೆಯ ಸೆಡ್ರಿಕ್ ರೈಟ್ ಸಾಮಗ್ರಿಗಳಿಗಾಗಿ ತಡಕಾಡಿದರು. ಕ್ಯಾಮೆರಾ ಸಿದ್ಧವಾಯಿತು. ಆದರೆ ಲೈಟ್ ಮೀಟರ್ ಮಾತ್ರ ಸಿಗಲಿಲ್ಲ.

ಬೇರೆಯವರಾಗಿದ್ದರೆ ಊಹೆಗೆ ಬಿಡುತ್ತಿದ್ದರು. ಚಂದ್ರನ ಹೊಳಪು ಪ್ರತಿ ಚದರ ಅಡಿಗೆ ಸುಮಾರು 250 ಕ್ಯಾಂಡಲ್ ಎಂಬುದು ಆಡಮ್ಸ್‌ಗೆ ನೆನಪಾಯಿತು. ಚಂದ್ರನನ್ನು ಏಳನೆಯ ವಲಯದಲ್ಲಿರಿಸಿದರೆ ಎರಡು ಮೆಟ್ಟಿಲು ಕೆಳಗಿನ ನಡುಬೂದಿಗೆ ಸಲ್ಲುವುದು ಸುಮಾರು 60. ಫಿಲಮಿನ ವೇಗ 64. ಅದರ ವರ್ಗಮೂಲ 8. ಎಂದರೆ ಎಫ್/8 ರಂಧ್ರದಲ್ಲಿ ಸೆಕೆಂಡಿನ 60ನೆಯ ಒಂದು ಭಾಗ. ಹಳದಿ ಫಿಲ್ಟರ್‌ಗಾಗಿ ಮೂರು ಪಟ್ಟು ಹೆಚ್ಚಿಸಿದರೆ 20ನೆಯ ಒಂದು ಭಾಗ. ದೂರದ ಬೆಟ್ಟದವರೆಗೂ ಸ್ಫುಟತೆ ಬೇಕೆಂದು ರಂಧ್ರವನ್ನು ಎಫ್/32ಕ್ಕೆ ಕಿರಿದುಗೊಳಿಸಿದಾಗ ಸರಿಸುಮಾರು ಒಂದು ಸೆಕೆಂಡು. ಇಷ್ಟನ್ನೂ ಮನಸ್ಸಿನಲ್ಲೇ ಲೆಕ್ಕಹಾಕಿ ಶಟರ್ ಒತ್ತಿದರು. ಇನ್ನೊಂದು ಪ್ರತಿ ತೆಗೆಯಲೆಂದು ಫಿಲಂ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಗಿತ್ತು.

ಆದರೂ ಆ ನೆಗೆಟಿವ್ ಪರಿಪೂರ್ಣವಾಗಿರಲಿಲ್ಲ. ಚಂದ್ರನಿಗೆ ಸರಿಹೊಂದಿದ ಎಕ್ಸ್‌ಪೋಷರ್ ಮುಂಭಾಗದ ಪೊದೆಗಳಿಗೆ ಸಾಲದಾಯಿತು. 1948ರಲ್ಲಿ ಅವರು ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಮುದ್ರಿಸುವಾಗಲೂ ಒಂದೆಡೆ ಬೆಳಕು ತಡೆದು, ಮತ್ತೊಂದೆಡೆ ಹೆಚ್ಚಿಸಿ ಹೆಣಗಿದರು. ‘ಮೂನ್‌ರೈಸ್’ ಚಿತ್ರದ ಸುಮಾರು 1,300 ಪ್ರತಿಗಳು ಅವರ ಜೀವಿತಾವಧಿಯಲ್ಲಿ ಮುದ್ರಣಗೊಂಡವು. ಮೊದಲ ಪ್ರತಿಗಳಲ್ಲಿದ್ದ ಆಕಾಶದ ತೆಳುಮೋಡಗಳು ನಂತರದವುಗಳಲ್ಲಿ ಕಡುಗಪ್ಪಿನಲ್ಲಿ ಮರೆಯಾದವು. ಒಂದೇ ಸ್ವರಲಿಪಿಯನ್ನು ಸಂಗೀತಗಾರ ಬೇರೆ ಬೇರೆ ಕಾಲದಲ್ಲಿ ಬೇರೆಯಾಗಿ ನುಡಿಸುವಂತೆ ಅವರು ಒಂದೇ ನೆಗೆಟಿವ್ ಅನ್ನು ಮತ್ತೆ ಮತ್ತೆ ನುಡಿಸಿದರು.

ಎಕ್ಸ್‌ಪೋಷರ್ ವಿವರಗಳನ್ನು ಮರೆಯದ ಆಡಮ್ಸ್‌ಗೆ ಚಿತ್ರ ತೆಗೆದ ದಿನ ಮಾತ್ರ ನೆನಪಿರಲಿಲ್ಲ. 1940ರಿಂದ 1944ರವರೆಗೆ ನಾನಾ ವರ್ಷಗಳನ್ನು ಅದಕ್ಕೆ ನಮೂದಿಸಲಾಗಿತ್ತು. ಚಂದ್ರನ ಸ್ಥಾನವನ್ನು ಗಣಿಸಿ, ಅದು 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷದ ಚಿತ್ರವೆಂದು ಖಗೋಳಾಸಕ್ತ ಡೆನಿಸ್ ಡಿ ಚಿಕ್ಕೊ 1991ರಲ್ಲಿ ನಿರ್ಣಯಿಸಿದರು.

ಗುಟ್ಟು ಬಿಟ್ಟುಕೊಟ್ಟ ಗುರು

ತಮ್ಮ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವುದು ವೃತ್ತಿನಿರತರ ಸಾಮಾನ್ಯ ಸ್ವಭಾವ. ಆಡಮ್ಸ್ ಇದಕ್ಕೆ ಅಪವಾದ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾಶಾಲೆಯಲ್ಲಿ ಛಾಯಾಗ್ರಹಣ ವಿಭಾಗ ಆರಂಭಿಸಿದರು. 1948ರಿಂದ ಕ್ಯಾಮೆರಾ, ನೆಗೆಟಿವ್ ಮತ್ತು ಮುದ್ರಣ ಕುರಿತು ಪಠ್ಯಮಾಲೆ ಬರೆದು ತಮ್ಮ ಲೆಕ್ಕಗಳೆಲ್ಲವನ್ನೂ ಬಹಿರಂಗಗೊಳಿಸಿದರು. 1955ರಿಂದ ಯೊಸೆಮಿಟಿಯಲ್ಲಿ ಶಿಬಿರಗಳನ್ನು ನಡೆಸಿದರು.

ಅಂಕಿಗಳ ಗೀಳಿನಲ್ಲಿ ಚಿತ್ರ ಒಣಗುತ್ತದೆ ಎಂಬ ಟೀಕೆ ಅವರ ಪದ್ಧತಿಗೆ ಬಂದದ್ದುಂಟು. ಅಳತೆಯಲ್ಲೇ ಮುಳುಗಿ ಚಿತ್ರವನ್ನು ಮರೆತ ಅನುಯಾಯಿಗಳೂ ಇಲ್ಲದಿರಲಿಲ್ಲ. ಆದರೆ ಆಡಮ್ಸ್ ಪಾಲಿಗೆ ಲೆಕ್ಕವೆಂಬುದು ಸಂಗೀತಗಾರನ ಸರಳೆ ಜಂಟಿಗಳಿದ್ದಂತೆ. ಕಛೇರಿಯಲ್ಲಿ ಬೆರಳು ತಡವರಿಸದಿರಲೆಂದೇ ಆ ಸಾಧನೆ.

ಅವರ ಚಿತ್ರಗಳು ಕಲಾಶಾಲೆಯ ಗೋಡೆಗೆ ಸೀಮಿತವಾಗಲಿಲ್ಲ. ಸಿಯೆರಾ ನೆವಾಡಾ ಪರ್ವತಗಳ ಕುರಿತ 1938ರ ಅವರ ಪುಸ್ತಕ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ತಲುಪಿತು. 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬರಲು ಅದೂ ನೆರವಾಯಿತು. ಯುದ್ಧಕಾಲದಲ್ಲಿ, 1943ರಿಂದ, ಮಂಜನಾರ್ ಶಿಬಿರದಲ್ಲಿ ಕೂಡಿಹಾಕಲಾಗಿದ್ದ ಜಪಾನಿ ಮೂಲದ ಅಮೆರಿಕನ್ನರ ಚಿತ್ರಗಳನ್ನು ತೆಗೆದು ಪುಸ್ತಕವಾಗಿ ಪ್ರಕಟಿಸಿದರು. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಂದ ದೇಶದ ಅತ್ಯುನ್ನತ ನಾಗರಿಕ ಗೌರವ ಸ್ವೀಕರಿಸಿದ ಅವರು 1984ರ ಏಪ್ರಿಲ್ 22ರಂದು ನಿಧನರಾದರು. ಮರುವರ್ಷ ಯೊಸೆಮಿಟಿಯ ಶಿಖರವೊಂದಕ್ಕೆ ಅವರ ಹೆಸರಿಡಲಾಯಿತು.

ಮುಂದಿನ ಯುಗ ಎಲೆಕ್ಟ್ರಾನಿಕ್ ಚಿತ್ರಗಳದ್ದೆಂದು ಆಡಮ್ಸ್ ಕೊನೆಯ ದಿನಗಳಲ್ಲಿಯೇ ನಿರೀಕ್ಷಿಸಿದ್ದರು. ಇಂದು ಮೊಬೈಲ್ ಫೋನು ಕ್ಷಣಾರ್ಧದಲ್ಲಿ ಎಕ್ಸ್‌ಪೋಷರ್ ಲೆಕ್ಕಹಾಕುತ್ತದೆ. ಫಿಲಮಿನಲ್ಲಿ ನೆರಳನ್ನು ಕಾಯಬೇಕಿತ್ತು. ಡಿಜಿಟಲ್‌ನಲ್ಲಿ ಬೆಳಗನ್ನು ಕಾಯಬೇಕು, ಏಕೆಂದರೆ ಒಮ್ಮೆ ಸುಟ್ಟು ಬಿಳುಪಾದ ಭಾಗದಿಂದ ವಿವರಗಳನ್ನು ಮರಳಿ ಪಡೆಯಲಾಗದು. ನಿಯಮ ತಿರುವುಮುರುವಾದರೂ ಆಡಮ್ಸ್ ಕಲಿಸಿದ ಪಾಠ ಬದಲಾಗಿಲ್ಲ. ಎಷ್ಟು ಬೆಳಕಿದೆಯೆಂದು ಯಂತ್ರ ಹೇಳಬಲ್ಲದು. ಯಾವುದು ಬೆಳಗಬೇಕು, ಯಾವುದು ಕತ್ತಲಲ್ಲಿ ಉಳಿಯಬೇಕು ಎಂಬ ತೀರ್ಮಾನ ಮಾತ್ರ ಕ್ಯಾಮೆರಾ ಹಿಡಿದವರದ್ದೇ.